ಮಗ್ಗಕ್ಕೆ ಎಂಜಲಿಲ್ಲ

ಕಿಟಕಿಗೆ ಕಪ್ಪು ಬಟ್ಟೆ ಎಳೆದರು, ಸೇಲಂನ ಬಿಸಿಲೆಲ್ಲ ಈಗ ಒಂದೇ ಗೆರೆ, ಆ ಬಟ್ಟೆಯ ನೇಯ್ಗೆ ಸಡಿಲ, ಯಾವನೋ ಕೈಬಾರದವನು ನೇಯ್ದದ್ದು — ನೋಡು, ಪಕ್ಕೆಲುಬಿನ ನಡುವೆ ತೂತು ಕೊರೆಯುತ್ತಿದ್ದಾರೆ, ನನಗೆ ಬಟ್ಟೆಯ ಚಿಂತೆ. ಬಲಮಗ್ಗುಲಿಗೆ ಮಲಗಿಸಿ, ಎಡಗೈ ತಲೆಯಾಚೆ ಕಟ್ಟಿ, ಸೊಂಟಕ್ಕೆ ಪಟ್ಟಿ ಬಿಗಿದಿದ್ದಾರೆ, ಮರಗಟ್ಟುವ ಮದ್ದು ಚುಚ್ಚಿದ್ದಾರೆ, ನೋವಿಲ್ಲ, ತಳ್ಳುವುದು ಮಾತ್ರ ಗೊತ್ತಾಗುತ್ತದೆ, ಕಫದಲ್ಲಿ ಏನೂ ಸಿಗಲಿಲ್ಲವಂತೆ, ಅದಕ್ಕೇ ದೀಪ ಕಟ್ಟಿದ ಕೊಳವೆ ಇಳಿಸಿ ಕಣ್ಣಾರೆ ನೋಡುತ್ತಾರಂತೆ ಡಾಕ್ಟರು, ಮೆಟ್ಟೂರು ಅಣೆಕಟ್ಟಿನ ಕರೆಂಟು ಊರಿಗೆ ಬಂದದ್ದೇ ಬಂತು, ಎದೆಯೊಳಗೂ ದೀಪ, ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಎದೆಯ ಹುಣ್ಣಿಗೆ ಬೇಕು. ಎಲ್ಲಪ್ಪಾ, ಅಸೈಯಾದೀಂಗ, ಇರುಮಾದೀಂಗ, ಅಲ್ಲಾಡಬಾರದು, ಕೆಮ್ಮಬಾರದು, ಮಾತೂ ಆಡಬಾರದು, ನರ್ಸ್ ಪೂಂಗೊಡಿ ನನ್ನ ಮುಖದ ಮುಂದೆಯೇ ನಿಂತಿದ್ದಾಳೆ. ಆಡುವುದೇನಿದೆ, ನಾನು ಎಚ್ಚರದ ಮನುಷ್ಯ, ಕೆಮ್ಮು ಹತ್ತಿದಾಗಲೇ ಲೋಟ ಬೇರೆ, ತಟ್ಟೆ ಬೇರೆ, ಜಗಲಿಯಲ್ಲಿ ಚಾಪೆ ಬೇರೆ, ಹೆಂಡತಿ ಅಂಜಮ್ಮ ಅತ್ತರೂ ಬಿಡಲಿಲ್ಲ, ಮಗಳು ರತ್ನಿ ಮಾತ್ರ ಗಟ್ಟಿಗಿತ್ತಿ, ನೀ ಆಸ್ಪತ್ರಿಗ್ ಓಗಪ್ಪ, ಮಗ್ಗದ ಕುಣಿಗೆ ನಾ ಇಳೀತೀನಿ ಅಂದಳು, ಲಾಳಿಯೊಳಗಿನ ನೂಲು ಸುತ್ತಿದ ಕಂಡಿಕೆ ಮುಗಿದಾಗಲೆಲ್ಲ ಹೊಸ ನೂಲನ್ನು ಲಾಳಿಯ ತೂತಿನಿಂದ ಬಾಯಲ್ಲಿ ಹೀರಿ ತೆಗೆಯಬೇಕು, ನನ್ನ ಲಾಳಿ ಹಿಡಿದು ಕೊಂಚ ಅನುಮಾನಿಸಿದಳು, ನಾನೇ ನಕ್ಕೆ, ಮಗ್ಗಕ್ಕೆ ಎಂಜ್ಲಿಲ್ಲ ಕಣವ್ವ, ನಮ್ಮಜ್ಜ ಎಳ್ದಿದ್ನ ನಾ ಎಳೀಲಿಲ್ವಾ, ಬಾಯಿಟ್ಟು ಎಳ್ಕ.

ಡಾಕ್ಟರು ಬೆನ್ನ ಹಿಂದೆ ಏನೋ ಅಂದರು, ಟಿ.ಬಿ., ಅಷ್ಟು ಇಂಗ್ಲಿಷು ಎಲ್ಲರಿಗೂ ಬರುತ್ತದೆ, ಒಳಗೆಲ್ಲ ರಾಗಿಕಾಳಿನಷ್ಟು ಬೆಳ್ಳನೆ ಗುಳ್ಳೆ ಚೆಲ್ಲಿದಂತಿದೆಯಂತೆ, ಸರಿ, ನನಗೆ ತಾನೇ, ನನಗಿರಲಿ. ಭಯಪ್ಪಡಾದೀಂಗ ಎಲ್ಲಪ್ಪಾ, ಹೆದರಬೇಡಿ ಅನ್ನುತ್ತಾಳೆ ಪೂಂಗೊಡಿ, ಎಚ್ಚಿಲ್ ಮಟ್ಟುಂ ಯಾರ್ ಮೇಲೆಯುಂ ಪಡಕ್ಕೂಡಾದು, ಎಂಜಲು ಯಾರಿಗೂ ತಾಗಬಾರದು ಅಷ್ಟೇ — ಎಲ್ಲಿ ತಾಗುತ್ತದೆ, ಲೋಟ ಬೇರೆ, ತಟ್ಟೆ ಬೇರೆ, ಚಾಪೆ ಬೇರೆ — ಲಾಳಿ. ಅಯ್ಯೋ, ಲಾಳಿ. ಬೆಳಗಿನ ಕಂಡಿಕೆ ಮುಗಿಯುವ ಹೊತ್ತು, ಹೇಳಬೇಕು, ಯಾರನ್ನಾದರೂ ಮನೆಗೆ ಓಡಿಸಿ, ಬಾಯಿ ತೆರೆದೆ, ಪೂಂಗೊಡಿಯ ಅಂಗೈ ಬಾಯಿ ಮುಚ್ಚಿತು, ಪೇಸಾದೀಂಗ, ಮಾತಾಡಬಾರದು, ಕೊಳವೆ ಇನ್ನೂ ಒಳಗೇ ಇದೆ, ಕೈ ಕಟ್ಟಿದೆ, ಪಟ್ಟಿ ಬಿಗಿದಿದೆ, ಹೇಳಿ ತಾನೇ ಏನು, ತಿಂಗಳಿಂದ ಎಳೆಯುತ್ತಿದ್ದಾಳೆ, ನಾನೇ ಎಳ್ಕ ಅಂದೆ, ನಕ್ಕುಕೊಂಡು ಅಂದೆ, ಕಂಡಿಕೆ ಸಿಕ್ಕಿಸುತ್ತಾಳೆ, ನೂಲಿನ ತುದಿ, ಲಾಳಿಯ ತೂತು — ಬ್ಯಾಡ ಕಣವ್ವ — ತೂತಿಗೆ ತುಟಿ ಇಟ್ಟು, ಉಸಿರೆಳೆದು, ತುಟಿ ಇಟ್ಟು, ರತ್ನಿ, ತುಟಿ ಇಟ್ಟು