ಕಿಟಕಿಯಿಂದ ಎಸೆದ ಟವೆಲ್

ಬಸ್ಸಿನಲ್ಲಿ ಸೀಟು ಹಿಡಿಯುವುದರಲ್ಲಿ ಹೊನ್ನಾಳಿಯಲ್ಲಿ ಈ ಜಹಾನಾರಾಳನ್ನು ಮೀರಿಸುವವರಿಲ್ಲ. ಬಸ್ಸು ನಿಲ್ಲುವ ಮೊದಲೇ ನನ್ನ ಟವೆಲ್ ಕಿಟಕಿಯಿಂದ ಒಳಗೆ ಬಿದ್ದಿರುತ್ತದೆ. ಆಮೇಲೆ ನಾನು ಮದುವೆಗೆ ಬಂದ ಬೀಗರಂತೆ ನಿಧಾನವಾಗಿ ಹತ್ತುತ್ತೇನೆ. ಟವೆಲ್ ಬಿದ್ದ ಸೀಟು ಟವೆಲಿನವರದ್ದು. ಯಾವ ಸರ್ಕಾರವೂ ಇದನ್ನು ಕಾನೂನು ಮಾಡಿಲ್ಲ, ಆದರೆ ಮುರಿದವರನ್ನು ನಾನು ಸುಮ್ಮನೆ ಬಿಟ್ಟೂ ಇಲ್ಲ. ಮನೆಯಲ್ಲಿ ನಾವಾಡುವುದು ಉರ್ದು. ಸೀಟಿನ ಜಗಳಕ್ಕೆ ಮಾತ್ರ ಕನ್ನಡವೇ ಸರಿ.

ನನ್ನ ತಮ್ಮ ಕಲೀಮುಲ್ಲಾನ ಮಗಳು ರುಹೀನಾಗೆ ಇದನ್ನು ಕಂಡರೆ ಆಗುವುದಿಲ್ಲ. ನಾನು ಅವಳ ಫುಫ್ಪು, ಅಂದರೆ ಸೋದರತ್ತೆ. ಅವಳೋ ಎಂಎಸ್ಸಿ ಓದಿದವಳು. ನಾನು ಟವೆಲ್ ಎಸೆದರೆ, ಈ ಹೆಂಗಸು ಯಾರೋ ಏನೋ ಎಂಬಂತೆ ಆ ಕಡೆ ತಿರುಗಿ ನಿಲ್ಲುತ್ತಾಳೆ.

ಅವತ್ತು ಅವಳಿಗೆ ಚನ್ನಗಿರಿಯಲ್ಲಿ ಇಂಟರ್‌ವ್ಯೂ. ಕೋಳಿಗಳ ರೋಗ ಪತ್ತೆ ಮಾಡುವ ಕಿಟ್ ತಯಾರಿಸುವ ಸಣ್ಣ ಲ್ಯಾಬು. ಶಿವಮೊಗ್ಗದ ಇಂಟರ್‌ವ್ಯೂ ಆಗಲೇ ಕೈಕೊಟ್ಟಿತ್ತು. ಇದೂ ಹೋದರೆ ಅಬ್ಬಾನ ಬಳೆ ಅಂಗಡಿಯಲ್ಲೇ ಕೂತುಬಿಡುತ್ತೇನೆ ಎಂದು ಹೇಳಿಬಿಟ್ಟಿದ್ದಳು. ಬಳೆ ಅಂಗಡಿ ಕೆಟ್ಟದ್ದಲ್ಲ. ಆದರೆ ಊಟಕ್ಕೆ ಕೂತರೂ ಲ್ಯಾಬಿನ ಮಾತೇ ಆಡುವ ಹುಡುಗಿ ಅಲ್ಲಿ ಕೂರುವುದು ನನಗೆ ಬೇಡವಾಗಿತ್ತು; ಅದಕ್ಕೇ ಜೊತೆಗೆ ಹೊರಟೆ.

ಬಸ್ಸಿನಲ್ಲಿ, ನನ್ನ ಟವೆಲ್ ಹಿಡಿದ ಸೀಟಿನಲ್ಲೇ ಕೂತು, ಶಿವಮೊಗ್ಗದಲ್ಲಿ ಏನಾಯಿತು ಎಂದು ಕೇಳಿದೆ. ಪರೀಕ್ಷೆಗೆ ಸಣ್ಣ ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ ಕೊಟ್ಟರಂತೆ. ಮೊದಲು ರೋಗಾಣುವಿನ ಪ್ರೋಟೀನು ಅಂಟಿಸಬೇಕು, ಆಮೇಲೆ ಆಲ್ಬುಮಿನ್ ನೀರು ಹಾಕಬೇಕು. ಅದು ದನದ ರಕ್ತದ ತಿಳಿಯಿಂದ ತೆಗೆದ ಪುಡಿ. ಗಾಬರಿಯಲ್ಲಿ ಇವಳು ಅದನ್ನೇ ಮರೆತಳು. ಕೊನೆಗೆ ಬಣ್ಣ ತರುವ ದ್ರವ ಹಾಕಿದಾಗ ರೋಗ ಇದ್ದ ಗುಳಿ ಮಾತ್ರ ಹಳದಿಯಾಗಬೇಕಿತ್ತು; ಇದ್ದದ್ದು, ಇಲ್ಲದ್ದು, ಎಲ್ಲವೂ ಒಟ್ಟಿಗೇ ಹಳದಿಯಾದವು. ಆ ಆಲ್ಬುಮಿನ್ ಅಷ್ಟಕ್ಕೂ ಮಾಡುವ ಕೆಲಸವೇನು ಎಂದೆ. ಏನೂ ಮಾಡುವುದಿಲ್ಲ, ಸುಮ್ಮನೆ ಕೂರುತ್ತದೆ ಎಂದಳು. ಹಾಗಾದರೆ ನಮ್ಮ ಮನೆ ಗಂಡಸರನ್ನೇ ಹಾಕಬಹುದಿತ್ತಲ್ಲ ಎಂದೆ. ಅವಳು ನಗಲಿಲ್ಲ.

ಲ್ಯಾಬಿನಲ್ಲಿ ನನ್ನನ್ನು ಗಾಜಿನ ಗೋಡೆಯ ಹೊರಗೆ ಕೂರಿಸಿದರು. ಬಾಗಿಲು ಅರ್ಧ ತೆರೆದಿತ್ತು, ನನ್ನ ಕಿವಿ ಪೂರ್ತಿ. ರುಹೀನಾ ಆ ಪುಡಿಯನ್ನು ನೀರಿನ ಮೇಲೆ ಉದುರಿಸಿ ಕೈಕಟ್ಟಿ ನಿಂತಳು. ಕಲಸೇ ಹುಡುಗಿ, ಎಂದು ನನಗೆ ಮೈಯೆಲ್ಲ ಉರಿ. ಪಕ್ಕದಲ್ಲಿ ಇನ್ನೊಬ್ಬ ಅಭ್ಯರ್ಥಿ ಬಾಟಲಿಯನ್ನು ಜೋರಾಗಿ ಅಲ್ಲಾಡಿಸಿದ; ಬಾಯಿತನಕ ನೊರೆ ಬಂತು. ಇವಳದ್ದು ತಾನಾಗಿ ಇಳಿದು ಕರಗಿತು. ನಾನು ಬೈಗುಳ ನುಂಗಿಕೊಂಡೆ.

ಆಮೇಲೆ ಮಾಲೀಕರಾದ ಆಂಜನೇಯ ಕೇಳಿದರು:

“ಆಲ್ಬುಮಿನ್ ಯಾಕೆ ಹಾಕ್ತೀವಿ? ಪುಸ್ತಕದ್ದು ಬ್ಯಾಡ. ನಮ್ ಕೆಲ್ಸದೋರಿಗೆ ತಿಳಿಯಂಗೆ ಹೇಳಮ್ಮ.”

ಹುಡುಗಿ ಗಾಜಿನಾಚೆಯಿಂದ ನನ್ನನ್ನೇ ನೋಡಿದಳು. ಅಷ್ಟರಲ್ಲಿ ಯಾರೋ ಕೊರಿಯರ್‌ನವನು ಬಂದು ನನ್ನ ಪಕ್ಕದ ಕುರ್ಚಿಗೆ ಕೂರಲು ಹೊರಟಿದ್ದ. ಅಲ್ಲಿ ಅವಳಿಗೆಂದು ಟವೆಲ್ ಹಾಕಿದ್ದೆನಲ್ಲ, ಜನ ಇದ್ದಾರೆ ಎಂದು ಗದರಿದೆ. ರುಹೀನಾಳ ಮುಖ ಅರಳಿತು.

“ಸರ್, ಹೊರಗೆ ನಮ್ ಫುಫ್ಪು ಟವೆಲ್ ಹಾಕ್ಯಾರಲ್ಲ, ಆಲ್ಬುಮಿನ್ ಅಂದ್ರೆ ಅದೇ ರೀ. ಖಾಲಿ ಜಾಗದಾಗೆಲ್ಲ ಮೊದ್ಲೇ ಹೋಗಿ ಕೂರ್ತೈತೆ. ಆಮೇಲೆ ಬಣ್ಣ ತರೋದು ಬಂದ್ರೆ, ತನ್ ಜಾಗ ಬಿಟ್ಟು ಬ್ಯಾರೆ ಕಡೆ ಅಂಟಾಕೆ ಆಗಲ್ಲ.”

ಒಳಗಿದ್ದವರೆಲ್ಲ ನನ್ನತ್ತ ತಿರುಗಿದರು. ಜೀವನದಲ್ಲಿ ಮೊದಲ ಸಲ ನಾಚಿಕೆಯಾಗಿ ಟವೆಲ್ ಎಳೆದುಕೊಂಡೆ. ಎಳೆದದ್ದೇ ತಡ, ಕೊರಿಯರ್‌ನವನು ಕೂತೇಬಿಟ್ಟ.

“ನೋಡ್ರಿ ಸರ್,” ಎಂದಳು ರುಹೀನಾ, “ಶಿವಮೊಗ್ಗದಾಗೆ ಆಲ್ಬುಮಿನ್ ಮರ್ತಾಗ ನನಗೆ ಆಗಿದ್ದು ಇದೇ.”

ಆಂಜನೇಯ ನಕ್ಕು ನಕ್ಕು ಕನ್ನಡಕ ತೆಗೆದರು. ಸೋಮವಾರದಿಂದ ಬಾ ಎಂದರು.

ವಾಪಸು ಬರುವಾಗ ನಾನು ಟವೆಲನ್ನು ಚೀಲದ ತಳಕ್ಕೆ ತುರುಕಿದ್ದೆ. ಕೆಲಸ ಸಿಕ್ಕ ಹುಡುಗಿ, ಇನ್ನಾದರೂ ಅವಳ ಮರ್ಯಾದೆ ಕಾಯೋಣ ಎಂದು. ಹೊನ್ನಾಳಿ ಬಸ್ಸು ಬಂತು, ಜನ ಮುಗಿಬಿದ್ದರು. ನೂಕಿಸಿಕೊಂಡು ಹತ್ತಿ ನೋಡಿದರೆ ಸೀಟೆಲ್ಲ ಭರ್ತಿ. ಕಿಟಕಿ ಪಕ್ಕದ್ದೊಂದೇ ಖಾಲಿ. ಅದರ ಮೇಲೆ ಎಂಎಸ್ಸಿ ಸರ್ಟಿಫಿಕೇಟುಗಳ ಫೈಲು ಬಿದ್ದಿತ್ತು. ಒಬ್ಬಾತ ಅದನ್ನು ಎತ್ತಲು ಬಗ್ಗಿದ. ನಾನು ಜಗಳಕ್ಕೆ ಬಾಯಿ ತೆರೆದೆ.

ಅಷ್ಟರಲ್ಲಿ ಕೆಳಗಿನಿಂದ, ಕಿಟಕಿಗೆ ಮುಖ ಇಟ್ಟು, ನನ್ನದೇ ದನಿಯಲ್ಲಿ ರುಹೀನಾ ಗದರಿದಳು:

“ಮುಟ್ಟಬ್ಯಾಡ್ರಿ. ಅದು ನಮ್ ಫುಫ್ಪು ಸೀಟು.”