ಅಧ್ಯಕ್ಷೆಯ ಎರಡನೆಯ ಮತ

ಮಾವಿನ ಮರಕ್ಕೆ ಕೊಡಲಿಯ ಎರಡು ಏಟು ಬಿದ್ದ ಮೇಲೆ ಸದಾನಂದ ಕೈ ಅಡ್ಡ ಹಿಡಿದ.

"ನಿಲ್ಲಿಸಿ ಮಾರಾಯ್ರೆ. ಅತ್ತಿಗೆಯನ್ನು ಇಲ್ಲಿ ಸುಡುವುದು ಬೇಡ. ಪೇಟೆಯ ಸ್ಮಶಾನಕ್ಕೆ ಕೊಂಡೋಗುವ."

ಆ ಮನೆಯಲ್ಲಿ ತೀರಿಕೊಂಡವರನ್ನೆಲ್ಲ ಸುಟ್ಟದ್ದು ಸ್ವಂತ ಜಾಗದ ತೆಂಕು ಮೂಲೆಯಲ್ಲಿ, ಅದೇ ಜಾಗದ ಮಾವಿನ ಕಟ್ಟಿಗೆಯಲ್ಲಿ. ಈಗ ಆ ಮೂಲೆಗೆ ತಾಗಿ ಪುರಸಭೆಯ ಕಸದ ಯಾರ್ಡಿನ ಗೋಡೆ. ಗೋಡೆಯ ಉದ್ದಕ್ಕೂ ಕಾಗೆಗಳು. ಜಗಲಿಯಲ್ಲಿ ಮಲಗಿಸಿದ್ದ ಕುಸುಮಳ ಮುಖದ ಮೇಲಿನ ನೊಣಗಳನ್ನು ಮಗಳು ವಿಜೇತಾ ಬೆಳಿಗ್ಗೆಯಿಂದ ಓಡಿಸುತ್ತಲೇ ಇದ್ದಳು.

"ಇಲ್ಲಿಯೇ ಅಂತ ಅಮ್ಮ ಹೇಳಿದ್ದು, ಚಿಕ್ಕಪ್ಪ."

"ಹೇಳಿದರೆ ಆಯ್ತಾ? ಬಂದವರು ಮೂಗಿಗೆ ಕರ್ಚೀಫು ಹಿಡಿದು ನಿಂತಿದ್ದಾರೆ. ಈ ನಾತ ಮನೆಬಾಗಿಲಿಗೆ ತಂದದ್ದು ಯಾರು? ಕೊನೆಗಾದರೂ ಒಳ್ಳೆ ಗಾಳಿಯಲ್ಲಿ ಹೋಗಲಿ."

ಎಲ್ಲರೂ ಕುಸುಮಳ ಗಂಡ ನಿತ್ಯಾನಂದನ ಕಡೆ ನೋಡಿದರು. ಐದು ವರ್ಷಗಳಿಂದ ಹೆಂಡತಿಯೊಡನೆ ಅವನ ಮಾತು ಊಟ, ಮಾತ್ರೆ, ಕರೆಂಟು ಬಿಲ್ಲು ಇಷ್ಟರಲ್ಲೇ ಮುಗಿಯುತ್ತಿತ್ತು.

"ಸದಾನಂದ ಹೇಳಿದ ಹಾಗೆ ಆಗಲಿ," ಎಂದು ಅವನು ಜಗಲಿಯ ತುದಿಯಲ್ಲಿ ಕೂತ.

ವಿಜೇತಾ ತಲೆ ಎತ್ತಲಿಲ್ಲ. ಸದಾನಂದ ಆಂಬುಲೆನ್ಸಿಗೆ ಫೋನು ಮಾಡಿದ.

* * *

ಐದು ವರ್ಷದ ಹಿಂದೆ, ಮಹಿಳಾ ಮೀಸಲಾತಿ ಬಂದ ಸಲ ಕುಸುಮ ಪುರಸಭೆಯ ಅಧ್ಯಕ್ಷೆಯಾಗಿದ್ದಳು. ಕಡತ ಓದುವವನು ನಿತ್ಯಾನಂದ, ರುಜು ಹಾಕುವವಳು ಅವಳು. ಯಾವುದಕ್ಕೆ ಕೈ ಎತ್ತಬೇಕೆಂದು ಮೀಟಿಂಗಿಗೆ ಹೋಗುವಾಗ ಕಾರಿನಲ್ಲೇ ಪಾಠವಾಗುತ್ತಿತ್ತು.

ಕಸದ ಯಾರ್ಡಿಗೆ ಎರಡು ಜಾಗ ಸಿಕ್ಕಿದ್ದವು. ಒಂದು ಹೊಳೆಬದಿಯ ಕಾಲೋನಿ, ಅಂಗನವಾಡಿಯ ಪಕ್ಕ. ಇನ್ನೊಂದು ಇವರ ಮನೆಯ ಹಿಂದಿನ ಸರಕಾರಿ ಗುಡ್ಡ.

"ಕಾಲೋನಿ ಅಂದಾಗ ಕೈ ಎತ್ತು. ಅಷ್ಟೇ ನಿನ್ನ ಕೆಲಸ," ಎಂದಿದ್ದ ನಿತ್ಯಾನಂದ.

ಎತ್ತಿದಳು. ಕಾಲೋನಿಗೆ ಹನ್ನೊಂದು, ಗುಡ್ಡಕ್ಕೂ ಹನ್ನೊಂದು. ಸಮ ಬಿದ್ದರೆ ಅಧ್ಯಕ್ಷರಿಗೆ ಇನ್ನೊಂದು ಮತ ಉಂಟು ಎಂದು ಮುಖ್ಯಾಧಿಕಾರಿ ಮೆಲ್ಲಗೆ ಹೇಳಿದರು. ಅದೊಂದನ್ನು ನಿತ್ಯಾನಂದ ಹೇಳಿಕೊಟ್ಟಿರಲಿಲ್ಲ, ಅವನಿಗೇ ಗೊತ್ತಿರಲಿಲ್ಲ. ಸಭಾಂಗಣದ ಕಿಟಕಿಯಾಚೆ ನಿಂತು ಅವನು ಬೆರಳು ಆಡಿಸಿ ಸನ್ನೆ ಮಾಡುತ್ತಿದ್ದ. ಕುಸುಮ ಅವನನ್ನು ನೋಡಿದಳು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು, ಗುಡ್ಡಕ್ಕೆ ಕೈ ಎತ್ತಿದಳು.

"ನಿನಗೆ ಮರ್ಲಾ, ತಲೆ ಸರಿ ಇಲ್ವಾ?" ವಾಪಸು ಬರುವಾಗ ಅವನು ಕೇಳಿದ. "ಸ್ವಂತ ಮನೆಯ ಹಿಂದೆ?"

"ಮೊದಲನೆಯದ್ದು ನೀವು ಹೇಳಿದ್ದಕ್ಕೇ ಎತ್ತಿದ್ದೇನಲ್ಲ."

ಸ್ವಲ್ಪ ದೂರ ಹೋದ ಮೇಲೆ ಅವಳೇ ಮತ್ತೆ ಹೇಳಿದಳು: "ಆ ಅಂಗನವಾಡಿ ಮಕ್ಕಳು ಬಾಗಿಲ ಹತ್ತಿರ ಕೂತು ಉಣ್ಣುವುದು. ನಾನು ಹೋಗಿ ನೋಡಿದ್ದೇನೆ. ನೀವು ನೋಡಲಿಲ್ಲ."

* * *

ಮಧ್ಯಾಹ್ನದ ಹೊತ್ತಿಗೆ ಕಾಲೋನಿಯ ಅಬೂಬಕ್ಕರ್ ಬಂದರು, ಹಿಂದೆ ನಾಲ್ಕೈದು ಹೆಂಗಸರು. ಅವರಲ್ಲಿ ಯಾರೂ ಮೂಗು ಮುಚ್ಚಲಿಲ್ಲ. ಒಬ್ಬಳು ವಿಜೇತಾಳ ಕೈಯಿಂದ ಬೀಸಣಿಗೆ ತೆಗೆದುಕೊಂಡು ತಾನು ಬೀಸತೊಡಗಿದಳು.

"ನಿಮ್ಮಲ್ಲಿ ಗಾಳಿ ಒಳ್ಳೆದುಂಟಲ್ಲ ಬ್ಯಾರಿಗಳೇ?" ಎಂದ ಸದಾನಂದ.

"ಉಂಟು," ಎಂದರು ಅಬೂಬಕ್ಕರ್. "ಅದಕ್ಕೇ ಬಂದದ್ದು."

ಅಬೂಬಕ್ಕರ್ ನಿತ್ಯಾನಂದನ ಹತ್ತಿರ ಹೋಗಿ ನಿಂತರು. "ಕುಸುಮಕ್ಕ ಪ್ರತಿ ವರ್ಷ ಅಂಗನವಾಡಿಗೆ ಬರ್ತಿದ್ದರು. ಈ ಸಲ ನಡೆಯಲಿಕ್ಕೆ ಆಗುವುದಿಲ್ಲ ಅಂತ ಫೋನು ಮಾಡಿದ್ದರು."

ನಿತ್ಯಾನಂದನಿಗೆ ಅದು ಗೊತ್ತಿರಲಿಲ್ಲ.

ಆಂಬುಲೆನ್ಸು ಅಂಗಳಕ್ಕೆ ಬಂತು. ನಾಲ್ವರು ಚಟ್ಟಕ್ಕೆ ಹೆಗಲು ಕೊಡಲು ಬಗ್ಗಿದರು.

"ಎತ್ತುವ ಅಲ್ವಾ ಅಣ್ಣ?" ಎಂದ ಸದಾನಂದ.

ನಿತ್ಯಾನಂದ ಎದ್ದ. ಮಾವಿನ ಮರದ ಕಾಂಡದಲ್ಲಿ ಎರಡು ಏಟಿನ ಗಾಯ ಬೆಳ್ಳಗೆ ಕಾಣುತ್ತಿತ್ತು, ಸೊನೆ ಇಳಿದಿತ್ತು. ಅವನ ಬಲಗೈ ನಿಧಾನಕ್ಕೆ ಮೇಲೆ ಹೋಯಿತು, ತೆಂಕು ಮೂಲೆಯ ಕಡೆಗೆ.

ಮರ ಕಡಿಯುವವರು ಒಬ್ಬರನ್ನೊಬ್ಬರು ನೋಡಿದರು. ಮೂರನೆಯ ಏಟು ಬಿತ್ತು. ಗೋಡೆಯ ಮೇಲಿನ ಕಾಗೆಗಳೆಲ್ಲ ಒಟ್ಟಿಗೆ ಎದ್ದು, ಒಂದು ಸುತ್ತು ಹಾಕಿ, ಮತ್ತೆ ಅಲ್ಲೇ ಬಂದು ಕೂತವು. ಅವನ ಕೈ ಇನ್ನೂ ಮೇಲೆಯೇ ಇತ್ತು.