ದಾನಯ್ಯನ ತಲೆಯ ಕಡೆ ಎತ್ತರವಿರಲಿ

ಕಾಶಿಯ ಮಠದಲ್ಲಿ ದಾಸೋಹದ ಒಲೆ ನೋಡಿಕೊಳ್ಳುತ್ತಿದ್ದ ದಾನಯ್ಯ ಪಾರ್ಶ್ವವಾಯುವಿಗೆ ತುತ್ತಾಗಿ ಆಸ್ಪತ್ರೆಯ ತೀವ್ರ ನಿಗಾ ಘಟಕ ಸೇರಿದ್ದ. ಮಾತಿಲ್ಲ, ನುಂಗಲಾರ. ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಗೆಯಲ್ಲೇ ಗಂಜಿ, ಹಾಲು. ಯಾತ್ರಿಕರಿಗೆಲ್ಲ ಉಣ್ಣಲಿಕ್ಕಿದ ಕೈ ಸುಮ್ಮನೆ ಬಿದ್ದಿರುವುದನ್ನು ಕಂಡಾಗಲೆಲ್ಲ ಹೆಂಡತಿ ವೀರಮ್ಮ ಅದನ್ನೆತ್ತಿ ತನ್ನ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು.

ವೀರಮ್ಮ ಗಟ್ಟಿಗಿತ್ತಿ. ಗೊದೌಲಿಯಾ ಪೇಟೆಯ ತರಕಾರಿಯವರೊಡನೆ ಹಿಂದಿಯಲ್ಲೇ ಜಗಳವಾಡಿ ಗೆದ್ದು ಬರುವವಳು. ಆದರೆ ನರ್ಸ್ ಹಾಸಿಗೆಯ ತಲೆಯ ಕಡೆ ಎತ್ತಿ, ಗಂಡನನ್ನು ಅರ್ಧ ಕೂರಿಸಿದಂತೆ ಒರಗಿಸಿದರೆ ಸಾಕು, ಅವಳು ಮುಖ ತಿರುಗಿಸಿಬಿಡುತ್ತಿದ್ದಳು. ನರ್ಸ್ ಅತ್ತ ಹೋದೊಡನೆ ಮಂಚದ ಕಾಲ ಬಳಿಯ ಹಿಡಿಕೆ ತಿರುವಿ ಚಪ್ಪಟೆ ಮಲಗಿಸಿಬಿಡುವಳು.

ಅವತ್ತೂ ನರ್ಸ್ ಗಂಜಿ ಹಾಕಿ ಹೋದ ಮೇಲೆ ವೀರಮ್ಮ ಹಾಗೇ ಮಾಡಿದಳು. ಸ್ವಲ್ಪ ಹೊತ್ತಿಗೆ ದಾನಯ್ಯನ ಗಂಟಲು ಗೊರಗೊರ ಎಂದಿತು. ಬಾಯಂಚಿಗೆ ಗಂಜಿ ಬಂತು. ಕೆಮ್ಮಲೂ ತ್ರಾಣವಿಲ್ಲದೆ ಮುಖ ಕಪ್ಪಿಟ್ಟಿತು.

“ಅಯ್ಯೋ ಶಿವನೇ! ಯಾರರ ಬರ್ರೀ!”

ಓಡಿ ಬಂದವಳು ಡಾಕ್ಟರ್ ವಿಜಯಾ, ಧಾರವಾಡದವಳು. ದಾನಯ್ಯನನ್ನು ಪಕ್ಕಕ್ಕೆ ಹೊರಳಿಸಿ, ಗಂಟಲಲ್ಲಿದ್ದುದನ್ನು ಯಂತ್ರದಿಂದ ಹೀರಿ ತೆಗೆದಳು. ಉಸಿರು ಹದಕ್ಕೆ ಬಂದ ಮೇಲೆ ಹಾಸಿಗೆಯ ತಲೆಯ ಕಡೆ ಎತ್ತಿಸಿದಳು.

“ಯಾಕ್ರೀ ಅಕ್ಕಾರ, ಇಳಿಸಬ್ಯಾಡ್ರಿ ಅಂತ ಎಷ್ಟ ಸಲ ಹೇಳೇವಿ?”

ವೀರಮ್ಮ ಸೆರಗು ಬಾಯಿಗಿಟ್ಟು ಅತ್ತಳು. “ನಮ್ಮ ಮಂದ್ಯಾಗ ಗ್ವಾಡಿಗೆ ಒರಗಿಸಿ ಕುಂಡ್ರಸೋದು ಜೀವ ಹೋದವರನ್ನ, ಬಾಯಾರ. ವಿಭೂತಿ ಹಚ್ಚಿ, ಹಾರ ಹಾಕಿ... ಇವರನ್ನ ಹಂಗ ನೋಡಾಕ ನನ್ನ ಕೈಲೆ ಆಗವಲ್ದು.”

ವಿಜಯಾಳ ಸಿಟ್ಟು ಅಲ್ಲೇ ಇಳಿಯಿತು. ವೀರಮ್ಮನ ಕೈ ಹಿಡಿದಳು. “ಅಣ್ಣಾರು ಮುಂಜಾನೆ ಲಿಂಗಪೂಜಿಗೆ ಹೆಂಗ ಕೂಡ್ತಿದ್ರು?”

“ನೆಟ್ಟಗ.”

“ಊಟಕ್ಕ?”

“ನೆಟ್ಟಗನ. ಮಲಕೊಂಡು ಯಾರರ ಉಣ್ತಾರೇನ್ರಿ?” ಎಂದವಳು ನಳಿಗೆಯ ಕಡೆ ನೋಡಿದಳು.

“ಹೌದಲ್ರಿ!” ಎಂದಳು ವಿಜಯಾ. “ಈಗೂ ಉಣ್ಣಾಕ್ಹತ್ಯಾರ, ನಳಿಗ್ಯಾಗ ಅಷ್ಟ. ಮಲಗಿಸಿದ್ರ ಹೊಟ್ಟ್ಯಾನ ಗಂಜಿ ಗಂಟಲಿಗೆ ಏರಿ ಶ್ವಾಸಕೋಶಕ್ಕ ಇಳೀತದ, ನ್ಯುಮೋನಿಯಾ ಆಗ್ತದ. ಅದಕ್ಕ ಉಣಿಸುವಾಗೂ, ಉಣಿಸಿದ ಮ್ಯಾಲೂ ಆರಾಮ ಕುರ್ಚ್ಯಾಗ ಒರಗಿದಂಗ ಇರಬೇಕು.”

“ಮತ್ತ ಇವತ್ತಿಂದು?”

“ಕಾಯ್ದು ನೋಡೂಣು. ಜ್ವರ ಬರಲಿಲ್ಲಂದ್ರ ಗೆದ್ವಿ.”

ವೀರಮ್ಮನಿಗೆ ಅನ್ನ ಸೇರಲಿಲ್ಲ. ಊರಲ್ಲಿದ್ದ ಮಗಳಿಗೆ ಫೋನು ಮಾಡಲು ಎಸ್.ಟಿ.ಡಿ. ಬೂತಿಗೆ ಹೋದವಳು, ಏನು ಹೇಳುವುದೆಂದು ತಿಳಿಯದೆ ವಾಪಸು ಬಂದಳು. ಗಂಡನ ಹಣೆ ಮುಟ್ಟಿ ನೋಡಿದಳು, ಮತ್ತೆ ಮತ್ತೆ ಮುಟ್ಟಿ ನೋಡಿದಳು. ಪುಣ್ಯಕ್ಕೆ ಮರುದಿನವೂ, ಅದರ ಮರುದಿನವೂ ಜ್ವರ ಬರಲೇ ಇಲ್ಲ.

ಮುಂದಿನ ವಾರ ಮಠದಿಂದ ಪೂಜೆಯ ಅಯ್ಯನವರು ರುದ್ರಯ್ಯ ವಿಭೂತಿ ತಂದರು. “ಪಾಪ, ಕುತ್ತಿಗಿ ನೋಯ್ತದ, ಒಂಚೂರು ಮಲಗಸವ್ವಾ” ಎನ್ನುತ್ತ ಹಿಡಿಕೆಗೆ ಕೈ ಹಾಕಿದರು.

“ಈಗಷ್ಟ ಊಟ ಆಗ್ಯದ, ಅಯ್ನಾರ. ಕೈ ತಗೀರಿ!”

ರುದ್ರಯ್ಯ ಬೆಪ್ಪಾಗಿ ಕೈ ತೆಗೆದರು. ವೀರಮ್ಮ ವಿಭೂತಿ ಈಸಿಕೊಂಡು, ಒರಗಿ ಕೂತ ಗಂಡನ ಹಣೆಗೆ ತಾನೇ ಹಚ್ಚಿದಳು. ಈ ಸಲ ಮುಖ ತಿರುಗಿಸಲಿಲ್ಲ. ದಾನಯ್ಯ ಕಣ್ಣು ತೆರೆದು ಅವಳನ್ನೇ ನೋಡಿದ.

“ಪೂಜಿಗೆ ಕೂತಂಗ ಕೂತೀರಿ ನೋಡ್ರಿ” ಎಂದು ವೀರಮ್ಮ ಅಳುತ್ತಲೇ ನಕ್ಕಳು.

ಅಕ್ಕ, ಅಣ್ಣಂದಿರೇ, ನಿಮ್ಮವರಿಗೂ ನಳಿಗೆಯಲ್ಲಿ ಊಟ ಕೊಡುತ್ತಿದ್ದರೆ ಹಾಸಿಗೆಯ ತಲೆಯ ಕಡೆ ಎತ್ತರವಿದೆಯೇ ನೋಡಿ. ಬೆನ್ನುಮೂಳೆಗೆ ಪೆಟ್ಟಾದವರಂಥ ಕೆಲವರನ್ನು ಹಾಗೆ ಒರಗಿಸಬಾರದು; ನಿಮ್ಮವರನ್ನು ಒರಗಿಸಬಹುದೇ ಎಂದು ಡಾಕ್ಟರನ್ನು ಕೇಳಿ. ಕೇಳದೆ ಹಾಸಿಗೆ ಇಳಿಸಬೇಡಿ, ಪ್ರೀತಿಗೆಂದು ನೀವಾಗಿ ಏನನ್ನೂ ನಳಿಗೆಗೆ ಸುರಿಯಬೇಡಿ. ಗಂಟಲು ಗೊರಗೊರ ಎಂದರೆ, ಹೊಟ್ಟೆ ಉಬ್ಬಿದರೆ, ವಾಂತಿಯಾದರೆ ಕೂಡಲೇ ನರ್ಸನ್ನು ಕೂಗಿ. ಹಿಡಿಕೆಗೆ ಯಾರಾದರೂ ಕೈ ಹಾಕಿದರೆ ವೀರಮ್ಮನ ಹಾಗೆ ಹೇಳಿ: “ಈಗಷ್ಟ ಊಟ ಆಗ್ಯದ, ಕೈ ತಗೀರಿ!”